ಸೀಡ್ ಹತ್ತಿ ಹಂಗಾಮಿನಲ್ಲಿ ಭಾಗಾಕಾರ ಉಳಿಸಿಕೊಂಡ ಬಗೆ

ರಾಣೆಬೆನ್ನೂರು ಸೀಮೆಯ ನಮ್ಮ ಶಾಲೆಯ ಹಾಜರಿ ಪುಸ್ತಕ ನಂಬಿದರೆ ಅಲ್ಲಿ ಬಾಲಕಾರ್ಮಿಕರೇ ಇಲ್ಲ. ಐದನೇ ತರಗತಿಯ 38 ಮಕ್ಕಳಲ್ಲಿ ದಿನಕ್ಕೆ 34-35 ಹಾಜರು. ಆದರೆ ದಸರಾ ರಜೆ ಮುಗಿದ ಮೇಲೆ ಭಾಗಾಕಾರ ಕೊಟ್ಟರೆ ಹನ್ನೊಂದು ಮಕ್ಕಳಿಗೆ ಮೊದಲ ಮೆಟ್ಟಿಲೇ ಹತ್ತುತ್ತಿರಲಿಲ್ಲ. ಅವರೆಲ್ಲ ಸೀಡ್ ಹತ್ತಿ ಪ್ಲಾಟುಗಳಿಗೆ, ಅಂದರೆ ಕೈಯಿಂದ ಪರಾಗ ಮುಟ್ಟಿಸಿ ಹೈಬ್ರಿಡ್ ಬೀಜ ಬೆಳೆಯುವ ಹೊಲಗಳಿಗೆ, ಕೆಲಸಕ್ಕೆ ಹೋಗುವವರು.

ಮೊದಲು ಸಂಜೆ ಪರಿಹಾರ ಬೋಧನೆ ಇಟ್ಟೆವು. ತಿಂಡಿಗೆಂದೇ ಎರಡು ಸಾವಿರದಷ್ಟು ಹೋಯಿತು, ಬಂದವರು ಕೆಲಸಕ್ಕೆ ಹೋಗದ ಮಕ್ಕಳೇ. ಹೋಗುವವರಿಗೆ ಸಂಜೆಯೇ ಕೆಲಸ: ಮರುದಿನ ಅರಳುವ ಮೊಗ್ಗಿನ ಕೇಸರ (ಹೂವಿನ ಗಂಡು ಭಾಗ) ಬಿಡಿಸುವುದು ಆಗಲೇ. ಬ್ಯಾಗು, ನೋಟ್‌ಬುಕ್ಕಿಗೆ ಇನ್ನೊಂದು ಮೂರು ಸಾವಿರ. ಅದರಿಂದಲೂ ಏನೂ ಬದಲಾಗಲಿಲ್ಲ.

ದಾರಿ ತೋರಿಸಿದ್ದು ಪೀರಿಯಡ್‌ವಾರು ಹಾಜರಿ. ಒಂದು ಹಾಳೆ, ಎಡಕ್ಕೆ ಹೆಸರು, ಮೇಲೆ ಏಳು ಪೀರಿಯಡ್, ಮೂರು ವಾರ. ಬೆಳಿಗ್ಗೆ ಹೂವಿಗೆ ಪರಾಗ ಮುಟ್ಟಿಸುವ ಕ್ರಾಸಿಂಗ್ ಮುಗಿಸಿ ಮಕ್ಕಳು ಬಿಸಿಯೂಟದ ಹೊತ್ತಿಗೆ ಬರುತ್ತಾರೆ, ಮೂರಕ್ಕೆ ಮತ್ತೆ ಹೊಲಕ್ಕೆ. ಗಣಿತ ನಮ್ಮಲ್ಲಿ ಮೊದಲ ಪೀರಿಯಡ್. ಹಂಗಾಮಿನ 35 ಗಣಿತ ಪೀರಿಯಡ್‌ಗಳಲ್ಲಿ ಆ ಮಕ್ಕಳಿಗೆ ದಕ್ಕಿದ್ದು ಎಂಟೋ ಹತ್ತೋ.

ಗಣಿತವನ್ನು ಊಟದ ನಂತರಕ್ಕೆ ತಂದಾಗ 'ಇದು ಪ್ಲಾಟಿನವರಿಗೆ ಅನುಕೂಲ ಮಾಡಿಕೊಟ್ಟಂತೆ' ಎಂದು ಸಹೋದ್ಯೋಗಿಗಳೇ ಆಕ್ಷೇಪಿಸಿದರು. ಮಗು ಹೊಲ ಬಿಡುವ ತನಕ ಪಾಠ ನಿಲ್ಲಬಾರದು, ಅಷ್ಟೇ ನಮ್ಮ ಉದ್ದೇಶ. ಭಾಗಾಕಾರವನ್ನು 12 ಕಾರ್ಡುಗಳಾಗಿ ಒಡೆದೆವು, ಒಂದಕ್ಕೆ 20 ನಿಮಿಷ. ತರಗತಿ ಎಲ್ಲೇ ಇರಲಿ, ನಾಲ್ಕನೇ ಕಾರ್ಡು ತಪ್ಪಿದ ಮಗುವಿಗೆ ನಾಲ್ಕನೆಯದೇ. ಏಳನೇ ಕಾರ್ಡಿನಲ್ಲಿ ಎಲ್ಲರೂ ಎಡವಿದರು: 618 ÷ 6 ಕೊಟ್ಟರೆ ಉತ್ತರ 13. ನಡುವಿನ ಸೊನ್ನೆ ಮಾಯ. ಅದಕ್ಕೆ ಮೂರು ದಿನ ಬೇಕು, ಅವಸರ ಬೇಡ. ಸ್ಥಾನಬೆಲೆಯ ಕಡ್ಡಿ ಕಟ್ಟು ಹಿಡಿಸಿ ಮಾಡಿಸಿದರೆ ಮಾತ್ರ ಕೂರುತ್ತದೆ.

ಹಾಗೇ ಒಂದು ಪ್ರಯೋಗ. ಕೇಸರ ಬಿಡಿಸುವುದು ಹೆಬ್ಬೆರಳ ಉಗುರಿನಿಂದ. ಉಗುರಿನ ಬುಡ ನೋಯುವ ಮಗು ನಿಧಾನವಾಗಿ ಬರೆಯುತ್ತದೆ. ಅದೇ ಪ್ರಶ್ನೆಗಳನ್ನು ಬಾಯಲ್ಲಿ ಕೇಳಿದಾಗ ಹನ್ನೊಂದರಲ್ಲಿ ನಾಲ್ವರು ಸರಿ ಹೇಳಿದರು. 'ದಡ್ಡ' ಎನ್ನುವ ಮೊದಲು ಬೆರಳು ನೋಡಿ. ದಪ್ಪ ಪೆನ್ಸಿಲ್ ಕೊಟ್ಟದ್ದು ಸ್ವಲ್ಪ ನೆರವಾಯಿತು.

ಮಗುವನ್ನು ಹೊಲದಿಂದ ಬಿಡಿಸುವ ಕೆಲಸ, ಕೂಲಿಗೆಂದು ಮನೆಯವರಿಗೆ ಮೊದಲೇ ಕೊಡುವ ಮುಂಗಡ ಹಣಕ್ಕೆ ಮುಂಚೆಯೇ ಆಗಬೇಕು. ಮುಂಗಡ ಕೈ ಸೇರಿದ ಮೇಲೆ ಮನೆ ಭೇಟಿಗೆ ಬೆಲೆಯಿಲ್ಲ. ಹಿಂದಿನ ವರ್ಷ ಹಣ ಪಡೆದ ಮನೆಗಳ ಪಟ್ಟಿ ಹಿಡಿದು ಜೂನ್‌ನಲ್ಲೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ತಾಯಂದಿರ ಜೊತೆ ಹೋದೆವು. ಕೂಲಿಯಾಳು ಒದಗಿಸುವ ಮೇಸ್ತ್ರಿಯ ಮುಂದೆ ಆಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ, ಮುಂದಿನ ಹಂಗಾಮಿಗೂ ಅದು ಬೇಕು. ಹೊಲಕ್ಕೆ ಹೋಗುವ ಮಕ್ಕಳ ಸಂಖ್ಯೆ ಹನ್ನೊಂದರಿಂದ ಮೂರಕ್ಕಿಳಿಯಿತು. 20 ಅಂಕದ ಭಾಗಾಕಾರದಲ್ಲಿ ಆರೇಳರಲ್ಲಿದ್ದ ಸರಾಸರಿ ಹದಿಮೂರರ ಹತ್ತಿರ ಬಂತು.

ಉಳಿದ ಮೂವರು ಸ್ವಂತ ಪ್ಲಾಟಿನವರು. 'ಮನೆ ಕೆಲಸಕ್ಕೆ ಕಾನೂನು ಅಡ್ಡಿಯಿಲ್ಲ' ಎನ್ನುತ್ತಾರೆ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಬಿಡುವುದು ಶಾಲೆ ಬಿಟ್ಟ ಮೇಲೆ ಮತ್ತು ರಜೆಯಲ್ಲಿ ಮನೆಯವರಿಗೆ ನೆರವಾಗುವುದನ್ನು ಮಾತ್ರ. ಕ್ರಾಸಿಂಗ್ ನಡೆಯುವುದು ಶಾಲೆಯ ಹೊತ್ತಿನಲ್ಲಿ. ಈ ಸಲ ಅವರ ಮನೆಗೆ ಹೋಗುವಾಗ ಪೀರಿಯಡ್ ಹಾಳೆಯನ್ನೇ ಒಯ್ಯುತ್ತಿದ್ದೇವೆ.