ಬ್ಯಾಡ್ಜು ಬಿಟ್ಟೆ, ನೋಟ್‌ಬುಕ್ ಹಿಡಿದೆ

ಮಕ್ಕಳಿಗೆ ಜವಾಬ್ದಾರಿ ಕೊಟ್ಟರೆ ಬದಲಾಗುತ್ತಾರೆ ಎಂದು ತರಬೇತಿಗಳಲ್ಲಿ ಕೇಳಿ ಕೇಳಿ ನಿಮಗೂ ಸಾಕಾಗಿರಬೇಕು. ಕೊಟ್ಟು ನೋಡಿದವರಿಗೆ ಗೊತ್ತು, ಮಕ್ಕಳು ತಮ್ಮನ್ನು ತಾವು ಕಾಣುವ ರೀತಿ ಬದಲಾಗುವುದು ನಿಜ, ಯಾವ ಕಡೆಗೆ ಎನ್ನುವುದೇ ತಕರಾರು. ಮೂರು ವರ್ಷದಿಂದ ಒಂಬತ್ತನೇ ತರಗತಿಯಲ್ಲಿ ಇದನ್ನೇ ಹಿಡಿದು ಜಗ್ಗಾಡುತ್ತಿದ್ದೇನೆ. "ನಿಮ್ಮ ನಾಟಕ ಕಂಪನಿ ಹೇಗೆ ನಡೀತಿದೆ?" ಎಂದು ಸ್ಟಾಫ್ ರೂಮಿನಲ್ಲಿ ಕಾಲೆಳೆಯುತ್ತಿದ್ದವರೇ ಈಗ ನನ್ನ ಹಾಳೆಗಳನ್ನು ಜೆರಾಕ್ಸ್ ಮಾಡಿಸಿಕೊಂಡು ಹೋಗುತ್ತಿದ್ದಾರೆ. ಹಾಗಾಗಿ ಬರೆಯುವ ಧೈರ್ಯ ಬಂದಿದೆ.

ಮೊದಲ ವರ್ಷ ಬ್ಯಾಡ್ಜಿನ ಹುಚ್ಚು. ನಲವತ್ತು ಚಿಲ್ಲರೆ ಮಕ್ಕಳಿಗೂ ಒಂದೊಂದು ಹುದ್ದೆ, ಹೆಸರು ಅಚ್ಚಾದ ಬ್ಯಾಡ್ಜು, ಗೋಡೆ ತುಂಬ ಬಣ್ಣದ ಚಾರ್ಟು. ಶಾಲೆಯಲ್ಲಿ ದುಡ್ಡು ಕೇಳಿದರೆ "ಯಾವ ಲೆಕ್ಕದಲ್ಲಿ ಬರೆಯೋದು?" ಅಂದರು. ಕೈಯಿಂದಲೇ ಹಾಕಿದೆ. ಆ ತಿಂಗಳ ಸಂಬಳದಲ್ಲಿ ಐದರಲ್ಲೊಂದು ಪಾಲಾದರೂ ಹೋಗಿರಬೇಕು, ಮನೆಯಲ್ಲಿ ಪೂರ್ತಿ ಲೆಕ್ಕ ಒಪ್ಪಿಸಿಲ್ಲ. ಹದಿನೈದು ದಿನ ಕಳೆಯುವುದರೊಳಗೆ ಬ್ಯಾಡ್ಜುಗಳು ಬ್ಯಾಗಿನ ತಳ ಸೇರಿದವು. ಹುದ್ದೆಯೇನೋ ಇತ್ತು, ಆ ಹುದ್ದೆಗಾಗಿ ಇವರನ್ನು ಮಾತಾಡಿಸುವವರು ಯಾರೂ ಇರಲಿಲ್ಲ.

ನಿಜವಾಗಿ ಅಂಟಿಕೊಂಡ ಹುದ್ದೆ ಒಂದೇ: ಗಲಾಟೆ ಮಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವ ಲೀಡರ್. ಹುಡುಗ ಮೆತ್ತಗಿನವನು. ಉಳಿದವರು ಚಾಡಿಕೋರ ಎಂದು ಕರೆಯತೊಡಗಿದರು. ಅರ್ಧ ವರ್ಷ ಕಳೆಯುವಷ್ಟರಲ್ಲಿ, ಕೇಳದಿದ್ದರೂ ನನ್ನ ಮೇಜಿನ ಬಳಿ ಬಂದು ಯಾರು ಏನು ಮಾಡಿದರೆಂದು ವರದಿ ಒಪ್ಪಿಸುವುದು ಅವನಿಗೆ ಅಭ್ಯಾಸವಾಯಿತು. ದಿನವೂ ಕಿವಿಗೆ ಬಿದ್ದದ್ದನ್ನೇ ಹುಡುಗ ಮೈಗೂಡಿಸಿಕೊಂಡ. ಆ ಕೆಲಸವನ್ನೇ ತೆಗೆದುಹಾಕಿದೆ, ಇವತ್ತಿಗೂ ನನ್ನ ತರಗತಿಯಲ್ಲಿ ಅದಿಲ್ಲ.

ಹಿರಿಯ ಸಹೋದ್ಯೋಗಿಯೊಬ್ಬರು "ನೀವು ಮಕ್ಕಳನ್ನು ನಂಬಿ, ಅಷ್ಟು ಸಾಕು" ಅಂದರು. ಅಮೆರಿಕದ ಸಂಶೋಧಕರಾದ ರೋಸೆಂತಾಲ್ ಮತ್ತು ಜೇಕಬ್‌ಸನ್ 1968ರಲ್ಲಿ ಪ್ರಕಟಿಸಿದ ಪ್ರಯೋಗ ಅವರ ತಲೆಯಲ್ಲಿತ್ತು: ಚೀಟಿ ಎತ್ತಿದ ಹಾಗೆ ಆರಿಸಿದ ಶೇ. 20ರಷ್ಟು ಮಕ್ಕಳನ್ನು ಶಿಕ್ಷಕರಿಗೆ ತೋರಿಸಿ "ಇವರು ಈ ವರ್ಷ ಅರಳುತ್ತಾರೆ" ಎಂದು ನಂಬಿಸಿದ್ದು. ಆದರೆ ಅಲ್ಲೂ ಶಿಕ್ಷಕರ ಆ ನಂಬಿಕೆಯ ಫಲ ಎದ್ದು ಕಂಡದ್ದು 1 ಮತ್ತು 2ನೇ ತರಗತಿಯ ಪುಟ್ಟ ಮಕ್ಕಳಲ್ಲಿ. ಹದಿನಾಲ್ಕರ ಪ್ರಾಯದವರಿಗೆ ಮೇಷ್ಟ್ರ ನಂಬಿಕೆಗಿಂತ ಪಕ್ಕದ ಬೆಂಚಿನವರ ಮಾತು ಭಾರ. ನನಗೆ ದಾರಿ ಕಂಡದ್ದು ಅಲ್ಲಿಂದ.

ಎರಡನೇ ವರ್ಷ ಮೊದಲಿಗೆ ಏನೂ ಕೊಡಲಿಲ್ಲ, ಬರೀ ಎಣಿಸಿ ಗೀಟು ಹಾಕಿದೆ. ನಾವು ಮೂವರು ಶಿಕ್ಷಕರು ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಹಿಂದೆ ಕೂತು, ಯಾವ ಮಗುವಿಗೆ ಎಂಥ ಮಾತು ಹೋಗುತ್ತದೆ ಎಂದು ಬರೆದುಕೊಂಡೆವು. "ಯಾಕೆ?", "ನಿನಗೇನನ್ನಿಸುತ್ತೆ?" ಥರದ ಪ್ರಶ್ನೆಗಳು ಹತ್ತಕ್ಕೆ ಏಳೆಂಟು ಸಲ ಅದೇ ಎಂಟೊಂಬತ್ತು ಮಕ್ಕಳಿಗೆ. ಹಿಂದಿನ ಸಾಲಿಗೆ ಹೋಗುತ್ತಿದ್ದದ್ದು "ಪುಸ್ತಕ ತೆಗಿ", "ಸರಿಯಾಗಿ ಕೂತ್ಕೋ", "ನಗು ಸಾಕು". ಒಬ್ಬ ಹುಡುಗನಿಗೆ ಒಂದು ವಾರದಲ್ಲಿ ಬಂದ ಪ್ರಶ್ನೆ ಒಂದೇ, ಅದೂ "ಹೋಮ್‌ವರ್ಕ್ ಎಲ್ಲಿ?"

ಅವನಿಗೇ ನೋಟ್‌ಬುಕ್ ಕೊಟ್ಟೆ. ಕೆಲಸ ಸಣ್ಣದು: ಆ ದಿನದ ವಿಜ್ಞಾನ ಪಾಠ ಬರೆದಿಡಬೇಕು, ಗೈರಾದವರು ಮರುದಿನ ಅವನ ಹತ್ತಿರವೇ ಕೇಳಬೇಕು. ನನ್ನ ಬಳಿ ಬಂದವರನ್ನೂ ಅವನತ್ತ ಕಳಿಸುತ್ತಿದ್ದೆ. ಮೊದಲ ವಾರ ಯಾರೂ ಹೋಗಲಿಲ್ಲ, ಟಾಪರ್‌ಗಳ ನೋಟ್ಸೇ ಎರವಲು ಪಡೆದರು. ಆಗ ವಾರದ ಕಿರುಪರೀಕ್ಷೆಯಲ್ಲಿ ಅವನ ಪುಸ್ತಕದಲ್ಲಿ ಮಾತ್ರ ಸಿಗುವ ಎರಡು ಪ್ರಶ್ನೆ ಸೇರಿಸತೊಡಗಿದೆ. ಅವನ ಪುಸ್ತಕದಲ್ಲಷ್ಟೇ ಅದು ಇರುವಂತೆ ಹೇಗೆ ನೋಡಿಕೊಂಡೆ ಎನ್ನುವುದನ್ನು ಹೇಳುವುದಿಲ್ಲ, ಹೇಳಿದರೆ ಮಕ್ಕಳಿಗೂ ಗೊತ್ತಾಗಿ ಆಟ ಕೆಡುತ್ತದೆ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ಚಿತ್ರಗಳು ಮಾತ್ರ ಒಳ್ಳೆ ಅಚ್ಚುಕಟ್ಟು. ತಿಂಗಳೊಳಗೆ ಬಿಡುವಿನ ವೇಳೆಯಲ್ಲಿ ಅವನ ಸುತ್ತ ಮೂರು ನಾಲ್ಕು ತಲೆ. ಪೋಷಕರ ಸಭೆಯಲ್ಲಿ ಅಪ್ಪನಿಗೆ "ಸೈನ್ಸ್ ನಾನು ನೋಡಿಕೊಳ್ತೀನಿ" ಅಂದ. ಆ ಸಲದ ಸೈನ್ಸ್ ಪರೀಕ್ಷೆಯಲ್ಲಿ ಅವನು ತೆಗೆದದ್ದು ನೂರಕ್ಕೆ ಐವತ್ತರ ಆಸುಪಾಸು, ಅಪ್ಪ ತಬ್ಬಿಬ್ಬಾದರು!

ಈ ಉಪಾಯದ ಬೇರು ನನ್ನದಲ್ಲ. 1971ರಲ್ಲಿ ಟೆಕ್ಸಾಸಿನ ಆಸ್ಟಿನ್ ಶಾಲೆಗಳಲ್ಲಿ ಬಿಳಿಯ, ಕರಿಯ ಮಕ್ಕಳನ್ನು ಒಂದೇ ತರಗತಿಗೆ ಸೇರಿಸಿದಾಗ ಜಗಳ ಎದ್ದಿತ್ತು. ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್‌ಸನ್ ಪಾಠವನ್ನೇ ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಪಾಲು ಕೊಟ್ಟರು. ಪಕ್ಕದವನನ್ನು ಕೇಳದೆ ಪಾಠ ಪೂರ್ತಿಯಾಗುವ ಹಾಗಿಲ್ಲ. ನಾನು ಅದನ್ನು ದಿನನಿತ್ಯದ ಕೆಲಸಕ್ಕೆ ಇಳಿಸಿದೆ, ಅಷ್ಟೇ. ಲ್ಯಾಬ್ ಬೀಗ, ಪುಸ್ತಕದ ಕಪಾಟು, ನಾಳೆಯ ವೇಳಾಪಟ್ಟಿ, ಹೀಗೆ ಹತ್ತು ಹನ್ನೊಂದು ಕೆಲಸ. ಬೇರೆಯವರು ಬಂದು ಕೇಳಲೇಬೇಕಾದ ಕೆಲಸವಾದರೆ ಮಾತ್ರ ಪಟ್ಟಿಗೆ ಸೇರುತ್ತದೆ. ವಾರಕ್ಕೊಮ್ಮೆ ಬದಲಿಸಿದರೆ ಏನೂ ಊರುವುದಿಲ್ಲ, ಟರ್ಮ್ ಪೂರ್ತಿ ಬಿಟ್ಟರೆ ಜಹಗೀರಾಗುತ್ತದೆ. ನನಗೆ ಒಗ್ಗಿದ್ದು ನಾಲ್ಕೈದು ವಾರ. ಖರ್ಚು ಕೆಲವು ನೋಟ್‌ಬುಕ್ಕು, ಒಂದು ಕೀ ಚೈನು. ಬ್ಯಾಡ್ಜಿಗೆ ಸುರಿದದ್ದು ನೆನಪಾದರೆ ಹೊಟ್ಟೆ ಉರಿಯುತ್ತದೆ.

ನಡುವೆ ಇನ್ನೊಂದು ಪ್ರಯೋಗಕ್ಕೂ ಕೈ ಹಾಕಿದ್ದೆ. ಮೂರರಿಂದ ಆರು ವರ್ಷದ ಮಕ್ಕಳಿಗೆ "ಸಹಾಯ ಮಾಡು" ಅನ್ನುವ ಬದಲು "ಸಹಾಯಕನಾಗು" ಅಂದರೆ ಹೆಚ್ಚು ನೆರವಾಗುತ್ತಾರೆ ಎಂದು 2014ರ ಅಧ್ಯಯನವೊಂದು ತೋರಿಸಿತ್ತು. ಅದನ್ನೇ ಹಿಡಿದು ಎಲ್ಲರನ್ನೂ "ವಿಜ್ಞಾನಿಗಳೇ" ಎಂದು ಕರೆದೆ. ಯೂನಿಟ್ ಟೆಸ್ಟ್ ತನಕ ಹಬ್ಬ. ಅಂಕ ಬಂದ ದಿನ ನಾಲ್ಕೈದು ಜನ "ನಾವು ವಿಜ್ಞಾನಿಗಳಲ್ಲ ಬಿಡಿ" ಎಂದು ಕೈಚೆಲ್ಲಿದರು. ಅಂಥ ಪುಟ್ಟ ಮಕ್ಕಳ ವಿಷಯದಲ್ಲೂ, ಕೆಲಸ ಕೈಕೊಟ್ಟರೆ ಪಟ್ಟ ಹೊತ್ತವರೇ ಬೇಗ ಹಿಂಜರಿಯುತ್ತಾರೆ ಎಂದು ಆಮೇಲಿನ ಅಧ್ಯಯನ ಹೇಳಿತು. ಈಗ ಪಟ್ಟ ಕಟ್ಟುವುದಿಲ್ಲ. "ನಿನ್ನೆ ನೀನು ಬರೆದದ್ದರಿಂದ ಅವಳಿಗೆ ಅರ್ಥವಾಯಿತಂತೆ" ಎಂದು ನಡೆದದ್ದನ್ನಷ್ಟೇ ಹೇಳುತ್ತೇನೆ.

ಮಕ್ಕಳು ತಮ್ಮನ್ನು ತಾವು ಹೇಗೆ ಕಾಣುತ್ತಾರೆ ಎಂದು ಅಳೆದದ್ದು ಹೇಗೆ ಅಂದರೆ, ಅಮೆರಿಕದ ಸಮಾಜಶಾಸ್ತ್ರಜ್ಞರಾದ ಕೂನ್ ಮತ್ತು ಮೆಕ್‌ಪಾರ್ಟ್‌ಲ್ಯಾಂಡ್ 1954ರಲ್ಲಿ ಬಳಸಿದ "ನಾನು ಯಾರು?" ಹಾಳೆಯಿಂದ. ಆ ಪ್ರಶ್ನೆಗೆ ಉತ್ತರವಾಗಿ ತಮ್ಮ ಬಗ್ಗೆ ಸಾಲು ಸಾಲಾಗಿ ಬರೆಯಬೇಕು. ಅವರದು ಇಪ್ಪತ್ತು ಸಾಲು, ನಮ್ಮವರು ಹದಿಮೂರಕ್ಕೇ ಆಕಳಿಸಿದ್ದರಿಂದ ಹತ್ತಕ್ಕೆ ಇಳಿಸಿದೆ. ವರ್ಷದ ಆರಂಭದಲ್ಲಿ ಸುಮಾರು ಅರ್ಧ ತರಗತಿ "ನಾನು ಲೆಕ್ಕದಲ್ಲಿ ವೀಕ್" ಥರದ ಸಾಲು ಬರೆದಿತ್ತು. ಕೊನೆಗೆ ಅಂಥವರು ಏಳೆಂಟು ಮಂದಿ. ಅಂಕ ಅಷ್ಟೇನೂ ಏರಲಿಲ್ಲ, ಸರಾಸರಿ ನಾಲ್ಕೈದು ಇರಬಹುದು. ಏರಿದ್ದು ಕೈ ಎತ್ತುವವರ ಸಂಖ್ಯೆ.

ಕಷ್ಟ ಕೊಟ್ಟವರು ಟಾಪರ್‌ಗಳು. ಒಬ್ಬಳ ಹತ್ತು ಸಾಲಿನಲ್ಲಿ ಆರು ರ‍್ಯಾಂಕಿನ ಬಗ್ಗೆಯೇ. ಅವಳಿಗೆ ಪ್ರಶ್ನೆ ಡಬ್ಬಿ ಕೊಟ್ಟೆ, ಹೆಸರಿಲ್ಲದ ಚೀಟಿಗಳನ್ನು ತೆಗೆದು ತರಗತಿಗೆ ಓದುವುದು. ಎಲ್ಲಕ್ಕೂ ತಾನೇ ಉತ್ತರ ಹೇಳತೊಡಗಿದಳು, ಚೀಟಿ ಬೀಳುವುದೇ ನಿಂತಿತು. "ನೀನು ಉತ್ತರಿಸುವ ಹಾಗಿಲ್ಲ, ಗೊತ್ತಿರುವವರನ್ನು ಹುಡುಕು" ಎಂದು ನಿಯಮ ಮಾಡಿದಾಗ ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಳು. ಹುಡುಕುತ್ತ ಹುಡುಕುತ್ತ ಹಿಂದಿನ ಬೆಂಚಿಗೂ ಹೋದಳು. ವರ್ಷದ ಕೊನೆಯ ಹಾಳೆಯಲ್ಲಿ ರ‍್ಯಾಂಕಿನ ಸಾಲು ಎರಡೋ ಮೂರೋ ಉಳಿದಿದ್ದವು, ಒಂದು ಕಡೆ "ನಾನು ಒಳ್ಳೆಯ ಪ್ರಶ್ನೆಯನ್ನು ಗುರುತಿಸುತ್ತೇನೆ" ಎಂದಿತ್ತು. ಅವಳ ತಾಯಿ ಮಾತ್ರ ಒಪ್ಪಿಲ್ಲ. ಹತ್ತನೇ ತರಗತಿಯಲ್ಲಿ ಮಗಳಿಗೆ ಇಂಥ ಕೆಲಸ ಯಾವುದೂ ಬೇಡವೆಂದು ಪತ್ರ ಬರೆದು ಕೊಟ್ಟಿದ್ದಾರೆ, ನಾನಿನ್ನೂ ಉತ್ತರ ಬರೆದಿಲ್ಲ.