ಸೆಂಟ್‌ಓಎಸ್ 7 ಬಿಡೂಮುಂದ ಸ್ಟೋರೇಜ್ ಕಾರ್ಡ್ ಕಾಡಿದ್ದು: ನನ್ನ ಅನುಭವ

ಕಲಬುರಗಿದಾಗ ಒಂದು ಖಾಸಗಿ ದವಾಖಾನಿ ಸರ್ವರ್ ನಾನೇ ನೋಡ್ಕೋತೀನ್ರಿ. ಎಕ್ಸ್‌ರೇ, ಸಿಟಿ ಸ್ಕ್ಯಾನ್ ಇಮೇಜ್ ಎಲ್ಲಾ ಅದರಾಗೇ ಇರ್ತಾವ. ಸೆಂಟ್‌ಓಎಸ್ 7 ಅನ್ನೋ ಪುಕ್ಕಟೆ ಲಿನಕ್ಸ್ ಓಎಸ್ ಮ್ಯಾಗ ವರ್ಷಗಟ್ಲೆ ಆರಾಮ ನಡದಿತ್ತು, ಆದ್ರ 2024ರ ಜೂನ್ 30ಕ್ಕ ಅದರ ಅಪ್‌ಡೇಟ್ ಬಂದ್ ಆಗೂದಿತ್ತಲ್ಲ, ಪೇಷಂಟ್ ಡೇಟಾ ಇರೋ ಮಷಿನ್ ಹಂಗೇ ಬಿಡಾಕ ಆಗಂಗಿಲ್ಲ, ಅದರಂಥದ್ದೇ ಆಲ್ಮಾಲಿನಕ್ಸ್‌ಗೆ ಹೋಗೂಣು ಅಂತ ಠರಾಯಿಸಿದ್ವಿ.

ಎಎಂಸಿ (ವರ್ಷದ ರಿಪೇರಿ ಕರಾರು) ಇದ್ದ ಕಂಪನಿಗೆ ಫೋನ್ ಹಚ್ಚಿದೆ. ಆ ಕಡಿಂದ "ಸರ್, ನಿಮ್ಮ ಮಾಡೆಲ್‌ಗೆ ಆ ಓಎಸ್ ಸಪೋರ್ಟೆಡ್ ಲಿಸ್ಟಲ್ಲಿ ಇಲ್ಲ, ಹೊಸ ಸರ್ವರ್ ತಗೊಳ್ಳಿ" ಅಂದ್ರು. ಯಾಕ ನಡಿಯಂಗಿಲ್ಲ ಅಂತ ಕೇಳಿದ್ರ ಮತ್ತ ಅದೇ ರಾಗ. ಲಿಸ್ಟ್‌ನಾಗ ಇಲ್ಲ ಅನ್ನೂದೇ ಬ್ಯಾರೆ, ನಡಿಯಂಗಿಲ್ಲ ಅನ್ನೂದೇ ಬ್ಯಾರೆ ನೋಡ್ರಿ. ಒಮ್ಮೊಮ್ಮೆ ಅವರು ಟೆಸ್ಟ್ ಮಾಡಿರಂಗಿಲ್ಲ ಅಷ್ಟ, ಒಮ್ಮೊಮ್ಮೆ ಖರೇನ ಆ ಕಾರ್ಡ್ ನಡೆಸೋ ಡ್ರೈವರೇ ಓಎಸ್‌ನಾಗಿಂದ ತೆಗೆದಿರ್ತಾರ. ಇದು ಯಾವುದು ಅಂತ ನಾವೇ ಹುಡುಕಬೇಕು.

ಹುಡುಕೂದು ಕಠಿಣ ಏನಲ್ಲ. ಸರ್ವರ್ ಮ್ಯಾಗಿನ ಹೆಸರು ಮರ್ತುಬಿಡ್ರಿ, ಒಳಗಿನ ಕಾರ್ಡ್‌ಗಳ ಪಟ್ಟಿ ಕೊಡೋ ಎಲ್‌ಎಸ್‌ಪಿಸಿಐ ಕಮಾಂಡ್‌ಗೆ ಮೈನಸ್ ಎನ್‌ಎನ್ ಹಾಕಿ ಹೊಡೀರಿ, ಸ್ಟೋರೇಜ್ ಕಂಟ್ರೋಲರ್ (ಡಿಸ್ಕ್‌ಗಳನ್ನ ಸರ್ವರ್‌ಗೆ ಕೂಡಿಸೋ ಕಾರ್ಡ್) ಸಾಲಿನಾಗ ಒಂದು ನಂಬರ್ ಬರ್ತದ. ನನಗ ಬಂದದ್ದು 1000:0072. ಅಂದ್ರ ಎಲ್‌ಎಸ್‌ಐ ಕಂಪನಿಯ ಎಸ್‌ಎಎಸ್ 2008 ಚಿಪ್, ಭಾಳ ಕಂಪನಿಯವರು ತಮ್ಮ ತಮ್ಮ ಸ್ಟಿಕರ್ ಹಚ್ಚಿ ಮಾರಿದ್ದು. ಎಲ್‌ಎಸ್‌ಐನ 2014ರಾಗ ಅವಾಗೋ ಅನ್ನೋ ಕಂಪನಿ ತಗೊಂಡಿತ್ತು, ಈಗ ಅದು ಬ್ರಾಡ್‌ಕಾಮ್. ಆಲ್ಮಾ ತಯಾರಾಗೂದು ರೆಡ್‌ಹ್ಯಾಟ್ ಲಿನಕ್ಸ್ ಪ್ರಕಾರ, ಆ ರೆಡ್‌ಹ್ಯಾಟ್‌ನವರು 8ನೇ ವರ್ಶನ್‌ನಾಗ ಈ ಕಾರ್ಡ್‌ಗಳ ಎಂಪಿಟಿ3ಎಸ್‌ಎಎಸ್ ಡ್ರೈವರ್ ಇಟ್ಟಾರ, ಆದ್ರ ಈ ಹಳೇ ಚಿಪ್‌ಗಳನ್ನ ಅದರಾಗಿಂದ ತೆಗೆದಾರ. ಹಿಂಗಾಗಿ ಆಲ್ಮಾ 8ರ ಹಳೇ ಐಎಸ್‌ಓ ಹಾಕಿ ಇನ್‌ಸ್ಟಾಲರ್ ತೆಗೆದ್ರ ಒಂದೂ ಡಿಸ್ಕ್ ಕಾಣಲಿಲ್ಲ. ಕಾರ್ಡ್ ಸುಟ್ಟಿಲ್ಲ, ಡಿಸ್ಕ್ ಹೋಗಿಲ್ಲ, ಡ್ರೈವರ್ ಅದನ್ನ ಕೈಯಾಗ ಹಿಡಿಯಂಗಿಲ್ಲ ಅಷ್ಟ.

ರೆಡ್‌ಹ್ಯಾಟ್ ಜಾತಿ ಲಿನಕ್ಸ್‌ಗೆ ಡ್ರೈವರ್ ಕೊಡೋ ಎಲ್‌ರೆಪೋ ಅನ್ನೋ ಗುಂಪಿನವರು ಇಂಥವಕ್ಕಂತ ಡ್ರೈವರ್ ಡಿಸ್ಕ್ ಕೊಡ್ತಾರ, ಬೂಟ್ ಆಗೂಮುಂದ ಇನ್‌ಸ್ಟ್ ಡಾಟ್ ಡಿಡಿ ಅಂತ ಕೊಟ್ರ ಲೋಡ್ ಆಗ್ತದ. ಬ್ಯಾರೆ ಬೂಟ್ ಡಿಸ್ಕ್ ಹಾಕಿ ನೋಡಿದೆ, ಎಲ್ಲಾ ಡಿಸ್ಕ್ ಬಂದ್ವು. ಆದ್ರ ಸೆಕ್ಯೂರ್ ಬೂಟ್ (ನಂಬಿಕಿ ಸಹಿ ಇಲ್ಲದ ಡ್ರೈವರ್ ತಡಿಯೋ ವ್ಯವಸ್ಥೆ) ಆನ್ ಇದ್ರ ಅವರ ಕೀ ಬ್ಯಾರೆ ಸೇರಿಸಬೇಕು, ಮತ್ತ ಕರ್ನಲ್ (ಓಎಸ್‌ನ ತಿರುಳು) ದೊಡ್ಡ ಅಪ್‌ಡೇಟ್ ಬಂದಾಗ ಆ ಡ್ರೈವರ್ ಮಾಡ್ಯೂಲ್ ಹೊಂದ್ತದೋ ಇಲ್ಲೋ ಅನ್ನೋ ಚಿಂತಿ ಇದ್ದೇ ಇರ್ತದ. ಆಲ್ಮಾ 9.4ರಾಗ, ಅಂದ್ರ 2024ರ ಮೇದಾಗ, ಇಂಥ ಹಳೇ ಕಾರ್ಡ್‌ಗಳನ್ನ ಆಲ್ಮಾದವರೇ ತಿರುಗಿ ಸೇರಿಸಿದ್ರು, ಅದು ಅವರ ದೊಡ್ಡ ಉಪಕಾರ. ನಾನು ಮಾತ್ರ ದವಾಖಾನಿ ಮಷಿನ್ ಅಂತ ಕಾರ್ಡೇ ಬದಲಿ ಮಾಡೂದು ಛಲೋ ಅಂದೆ.

ಹೈದರಾಬಾದ್ ಕಡಿ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್‌ನಾಗ ಆಲ್ಮಾದ ಡ್ರೈವರ್ ಹಿಡಿಯೋ ಎಸ್‌ಎಎಸ್ 3008 ಚಿಪ್ಪಿನ ಸೆಕೆಂಡ್ ಹ್ಯಾಂಡ್ 9300-8ಐ ಕಾರ್ಡ್ ಸಿಕ್ತು, ನಮಗ ಬೆಂಗಳೂರಿಗಿಂತ ಅದೇ ಹತ್ರ. ಇಲ್ಲೊಂದು ಮಾತು ನೆನಪಿಡ್ರಿ, ಹಳೇ ಕಾರ್ಡಿನ ಕೇಬಲ್ ಎಸ್‌ಎಫ್‌ಎಫ್-8087, ಹೊಸದ್ದು 8643, ತುದಿ ಸಣ್ಣದು, ಒಂದರಾಗ ಒಂದು ಕೂಡಂಗಿಲ್ಲ. ಡಿಸ್ಕ್ ಹಚ್ಚೋ ಬ್ಯಾಕ್‌ಪ್ಲೇನ್ ಹಳೇದೇ ಇರ್ತದ, ಅದಕ್ಕ ಒಂದು ಕಡಿ 8643 ಇನ್ನೊಂದು ಕಡಿ 8087 ಇರೋ ಕೇಬಲ್ ಕಾರ್ಡ್ ಜೊತಿನೇ ತಗೋರಿ, ಊರಿಗೆ ಬಂದ್ಮ್ಯಾಲ ಸಿಗಂಗಿಲ್ಲ. ಕಾರ್ಡಿನ ಫರ್ಮ್‌ವೇರ್ ಐಟಿ ಮೋಡ್ (ರೇಡ್ ಮಾಡದೇ ಡಿಸ್ಕ್‌ಗಳನ್ನ ನೇರ ಓಎಸ್‌ಗೆ ತೋರ್ಸೋದು) ಅದನೋ ಇಲ್ಲೋ ಅಂಗಡಿದಾಗೇ ನೋಡ್ಕೋರಿ. ಇನ್ನ ಈ ಚಿಪ್ ಭಾಳ ಕಾಯ್ತದ, ನಮ್ಮ ಮೇ ತಿಂಗಳ ಬಿಸಲು ನಿಮಗ ಗೊತ್ತೇ ಅದ, ಎಸಿ ಟ್ರಿಪ್ ಆದ್ರ ಸಾಕು, ಹೀಟ್‌ಸಿಂಕ್ ಎದುರಿಗೇ ಒಂದು ಸಣ್ಣ ಫ್ಯಾನ್ ಕೂಡಿಸೀನಿ.

ನಮ್ಮ ರೇಡ್ 6 (ಎರಡು ಡಿಸ್ಕ್ ಹೋದ್ರೂ ಡೇಟಾ ಉಳಿಯೋ ಜೋಡಣಿ) ಮೊದಲಿಂದ ಲಿನಕ್ಸ್‌ನ ಎಂಡಿಆಡ್ಮ್ ಸಾಫ್ಟ್‌ವೇರ್ ಒಳಗಿತ್ತು, ಕಾರ್ಡಿನಾಗ ಅಲ್ಲ. ಅದೇ ಕೈ ಹಿಡೀತು ನೋಡ್ರಿ, ರೇಡಿನ ಲೆಕ್ಕ ಎಲ್ಲಾ ಡಿಸ್ಕಿನ ಮ್ಯಾಗೇ ಬರೆದಿರ್ತದ. ಬ್ಯಾಕಪ್ ತಗೊಂಡು, ಯಾವ ಖಾನೆದಾಗ (ಬೇ) ಯಾವ ಡಿಸ್ಕ್ ಅಂತ ಸೀರಿಯಲ್ ನಂಬರ್ ಬರ್ಕೊಂಡು, ಕಾರ್ಡ್ ಬದಲಿ ಮಾಡಿ ಎಂಡಿಆಡ್ಮ್‌ಗೆ ಅಸೆಂಬಲ್ ಸ್ಕ್ಯಾನ್ ಕೊಟ್ಟೆ, ಇಡೀ ರೇಡ್ ಎದ್ದು ನಿಂತ್ತು. ಕಾರ್ಡೇ ನಡೆಸೋ ಹಾರ್ಡ್‌ವೇರ್ ರೇಡ್ ಇದ್ರ ಅದೇ ಜಾತಿ ಕಾರ್ಡ್ ಹುಡುಕ್ಕೋತ ಅಡ್ಡಾಡಬೇಕಿತ್ತು.

ಎಎಂಸಿ ರಿನ್ಯೂ ಮಾಡೂಮುಂದ ಓಎಸ್ ಸಪೋರ್ಟ್ ತೆಗೆಸಿ ಪವರ್ ಸಪ್ಲೈ, ಫ್ಯಾನ್, ಡಿಸ್ಕ್ ಅಷ್ಟಕ್ಕೇ ಬರೆಸೀನಿ, ರೊಕ್ಕನೂ ಕಡಿಮಿ ಆಯ್ತು. ಆಮ್ಯಾಲ ಒಂದು ಡಿಸ್ಕ್ ಹೋದಾಗ ಸೀರಿಯಲ್ ನಂಬರ್, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡೋ ಸ್ಮಾರ್ಟ್ ರಿಪೋರ್ಟ್ ಕಳಿಸಿದೆ, ಯಾವ ಓಎಸ್ ಅಂತ ಯಾರೂ ಕೇಳಲಿಲ್ಲ, ಡಿಸ್ಕ್ ಕೊರಿಯರ್‌ನಾಗ ಬಂತು.