ಸ್ವಂತ ಬಿಸಿನೆಸ್ ಇದ್ದವರು ಸ್ಪೇನ್‌ನ ಡಿಜಿಟಲ್ ನೊಮ್ಯಾಡ್ ವೀಸಾಗೆ ಆದಾಯ ತೋರಿಸುವುದು ಹೇಗೆ?

ಸ್ಪೇನ್‌ನಲ್ಲಿ ಇದ್ದುಕೊಂಡು ಬೇರೆ ದೇಶದ ಕಂಪನಿಗೆ ಆನ್‌ಲೈನ್‌ನಲ್ಲಿ ಕೆಲಸ ಮಾಡುವವರಿಗೆ ಕೊಡುವುದು ಡಿಜಿಟಲ್ ನೊಮ್ಯಾಡ್ ವೀಸಾ. ಸಂಬಳದ ಕೆಲಸದಲ್ಲಿ ಇರುವವರಿಗೆ ಆದಾಯ ತೋರಿಸುವುದು ಸುಲಭ. ಕಂಪನಿಯ ಪತ್ರ, ಪೇಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟರೆ ಆಯಿತು. ಸ್ವಂತ ಬಿಸಿನೆಸ್ ಇರುವವರ ಕಥೆ ಬೇರೆ. ಸಂಬಳ ಕೊಡುವವರೂ ನಾವೇ, ಪತ್ರಕ್ಕೆ ಸಹಿ ಹಾಕುವವರೂ ನಾವೇ. ಅದನ್ನು ಅಧಿಕಾರಿ ಯಾಕೆ ನಂಬಬೇಕು, ಅಲ್ವಾ?

ಬಿಸಿನೆಸ್ ಎಷ್ಟು ದೊಡ್ಡದು ಅಂತ ಇಲ್ಲಿ ಯಾರೂ ಕೇಳುವುದಿಲ್ಲ. ನಿಮ್ಮ ಕೈಗೆ ತಿಂಗಳಿಗೆ ಎಷ್ಟು ಬರುತ್ತದೆ, ಮುಂದೆಯೂ ಬರುತ್ತದಾ ಅನ್ನುವುದೇ ಪ್ರಶ್ನೆ. ಪ್ರೈವೇಟ್ ಲಿಮಿಟೆಡ್ ಕಂಪನಿಯ ಖಾತೆಯಲ್ಲಿ ಕೋಟಿ ಓಡಾಡಿದರೂ, ನೀವು ಸಂಬಳವಾಗಿಯೋ ಡಿವಿಡೆಂಡ್ ಆಗಿಯೋ ತೆಗೆದುಕೊಳ್ಳದ ಹಣ ನಿಮ್ಮ ಆದಾಯವಲ್ಲ. ಪ್ರೊಪ್ರೈಟರ್ ಆಗಿದ್ದರೆ ಖರ್ಚು ಕಳೆದು ಉಳಿದ ಲಾಭವೇ ಆದಾಯ.

ಈಗ ಮಿತಿ. ಸ್ಪೇನ್ ಕೇಳುವುದು ಅಲ್ಲಿನ ಕನಿಷ್ಠ ವೇತನದ 200%. ಲೆಕ್ಕದಲ್ಲಿ ಎಡವುವುದು ಇಲ್ಲೇ. 2025ರ ಕನಿಷ್ಠ ವೇತನ ತಿಂಗಳಿಗೆ 1,184 ಯೂರೋ. ಸುಮ್ನೆ ಎರಡರಿಂದ ಗುಣಿಸಿ 2,368 ಅಂದುಕೊಳ್ಳಬೇಡಿ. ಸ್ಪೇನ್‌ನಲ್ಲಿ ಅದನ್ನು ವರ್ಷಕ್ಕೆ 14 ಕಂತಿನಲ್ಲಿ ಕೊಡುತ್ತಾರೆ. 12 ತಿಂಗಳಿಗೆ ಹಂಚಿ, ಆಮೇಲೆ ಎರಡು ಪಟ್ಟು ಮಾಡಿದರೆ ಸುಮಾರು 2,763 ಯೂರೋ ಆಗುತ್ತದೆ. ಕನಿಷ್ಠ ವೇತನ ಬದಲಾದ ಹಾಗೆ ಈ ಮಿತಿಯೂ ಬದಲಾಗುತ್ತದೆ. ರೂಪಾಯಿಯ ಬೆಲೆಯೂ ಏರಿಳಿಯುತ್ತದೆ. ಹಾಗಾಗಿ ಮಿತಿಗಿಂತ ಶೇಕಡ 15–20 ಜಾಸ್ತಿ ಇದ್ದರೆ ಮಾತ್ರ ಅರ್ಜಿ ಹಾಕಿ ಅನ್ನುವುದು ನನ್ನ ಸಲಹೆ. ರೂಪಾಯಿಯನ್ನು ಯೂರೋಗೆ ಬದಲಿಸಿ ತೋರಿಸುವಾಗ ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ದರ ಬಳಸಿ, ಯಾವ ದಿನದ ದರ ಅಂತಲೂ ಬರೆಯಿರಿ.

ಭಾರತದಲ್ಲಿ 44ಎಡಿಎ (1961ರ ಆದಾಯ ತೆರಿಗೆ ಕಾನೂನಿನಲ್ಲಿ ವೃತ್ತಿಪರರಿಗೆ ಅಂದಾಜಿನ ಲಾಭ ತೋರಿಸಲು ಬಿಡುವ ಕಲಂ) ಪ್ರಕಾರ ರಿಟರ್ನ್ ಹಾಕುವ ಕನ್ಸಲ್ಟೆಂಟ್‌ಗಳು ಇದನ್ನು ಎರಡು ಸಲ ಓದಿ. ಆ ಪದ್ಧತಿಯಲ್ಲಿ ಬಂದ ಹಣದ ಅರ್ಧವನ್ನು ಆದಾಯ ಅಂತ ತೋರಿಸಿದರೆ ಸಾಕು. ತೆರಿಗೆ ಉಳಿಯುತ್ತದೆ, ಖುಷಿ. ಆದರೆ ವೀಸಾ ಅಧಿಕಾರಿಯ ಕಣ್ಣಿಗೆ ಬೀಳುವುದೂ ಆ ಅರ್ಧವೇ. ಬ್ಯಾಂಕಿಗೆ 60 ಲಕ್ಷ ಬಂದಿದ್ದು ರಿಟರ್ನ್‌ನಲ್ಲಿ 30 ಲಕ್ಷ ಇದ್ದರೆ, ಮಿಕ್ಕ 30 ಲಕ್ಷ ಎಲ್ಲಿ ಹೋಯಿತು ಅಂತ ನೀವೇ ವಿವರಿಸಬೇಕು. ನಿಜವಾದ ಲಾಭ ಜಾಸ್ತಿ ಇದ್ದರೆ ಅರ್ಧಕ್ಕಿಂತ ಹೆಚ್ಚು ತೋರಿಸಲು ಕಾನೂನಿನಲ್ಲಿ ಅವಕಾಶ ಇದೆ. ವೀಸಾ ಯೋಚನೆ ಇದ್ದವರು ಹಿಂದಿನ ವರ್ಷದ ರಿಟರ್ನ್ ಹಾಕುವಾಗಲೇ ಇದನ್ನು ಸಿಎ ಹತ್ತಿರ ಕೂತು ಮಾತಾಡಬೇಕು. ಆಮೇಲೆ ಬದಲಿಸುವುದು ಕಷ್ಟ.

ಕಾಗದಗಳ ವಿಷಯ. ಗ್ರಾಹಕರ ಜೊತೆಗಿನ ಒಪ್ಪಂದ, ಅದಕ್ಕೆ ತಕ್ಕ ಇನ್‌ವಾಯ್ಸ್, ಆ ಇನ್‌ವಾಯ್ಸ್‌ನ ಹಣ ಬಂದ ಬ್ಯಾಂಕ್ ಸಾಲು. ಮೂರರಲ್ಲೂ ಒಂದೇ ಮೊತ್ತ ಕಾಣಬೇಕು. ಪೇಪಾಲ್, ಪೇಯೋನಿಯರ್ ಮೂಲಕ ಹಣ ಬಂದರೆ ಹಲವು ಗ್ರಾಹಕರ ಹಣ ಒಟ್ಟಾಗಿ ಬಂದಿರುತ್ತದೆ, ಶುಲ್ಕವೂ ಕಡಿತವಾಗಿರುತ್ತದೆ. ಆಗ ಅವರ ವಹಿವಾಟಿನ ವರದಿ ಇಳಿಸಿಕೊಂಡು, ಯಾವ ಇನ್‌ವಾಯ್ಸ್ ಯಾವ ಜಮೆಯಲ್ಲಿ ಸೇರಿದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಡಿ. ಬೇಸರದ ಕೆಲಸ ನಿಜ, ಆದರೆ ಅಧಿಕಾರಿ ಕೂತು ಕೂಡಿ ಕಳೆಯುತ್ತಾರೆ ಅಂತ ನಂಬಬೇಡಿ.

ಸಿಎ ಸರ್ಟಿಫಿಕೇಟ್ ಇದ್ದರೆ ಒಳ್ಳೆಯದು. ಅದರಲ್ಲಿ 18 ಅಂಕಿ-ಅಕ್ಷರಗಳ ಯುಡಿಐಎನ್ (ಆ ಸರ್ಟಿಫಿಕೇಟ್‌ನ ಗುರುತಿನ ಸಂಖ್ಯೆ) ಇರಲೇಬೇಕು, ಅದನ್ನು ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಪರೀಕ್ಷಿಸಬಹುದು. ಭಾರತದ ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್, ಸ್ಪೇನ್‌ನಲ್ಲಿ ಜನವರಿಯಿಂದ ಡಿಸೆಂಬರ್. ಅದನ್ನು ಒಂದು ಸಾಲಿನಲ್ಲಿ ಹೇಳಲು ಸಿಎಗೆ ತಿಳಿಸಿ. ವರ್ಷದ ಮೊತ್ತ ಮಾತ್ರ ಬೇಡ, ತಿಂಗಳ ಲೆಕ್ಕವೂ ಇರಲಿ.

ಕಂಪನಿ ನಿಮ್ಮದೇ ಆಗಿದ್ದರೆ ಪತ್ರಕ್ಕೆ ಇನ್ನೊಬ್ಬ ನಿರ್ದೇಶಕರ ಸಹಿ ಹಾಕಿಸಿ. ಅರ್ಜಿಗೆ ಆರು ತಿಂಗಳು ಮೊದಲೇ, ಪ್ರತಿ ತಿಂಗಳು ಒಂದೇ ತಾರೀಖಿಗೆ, ಒಂದೇ ಮೊತ್ತವನ್ನು ಕಂಪನಿ ಖಾತೆಯಿಂದ ನಿಮ್ಮ ಖಾತೆಗೆ ಹಾಕಿಕೊಳ್ಳಿ. ಒಂದು ತಿಂಗಳು ಎಂಟು ಲಕ್ಷ, ಮುಂದಿನ ಎರಡು ತಿಂಗಳು ಸೊನ್ನೆ ಅಂದರೆ ಸರಾಸರಿ ಸರಿ ಇದ್ದರೂ ಪ್ರಶ್ನೆ ಬರುತ್ತದೆ. ಅರ್ಜಿ ಹತ್ತಿರ ಬಂದಾಗ ಸ್ನೇಹಿತರಿಂದ ತಂದು ಖಾತೆ ತುಂಬಿಸುವ ಕೆಲಸ ಮಾತ್ರ ಬೇಡ. ಮೂಲ ಇಲ್ಲದ ದೊಡ್ಡ ಜಮೆ ಕಂಡರೆ ಉಳಿದ ಒಳ್ಳೆಯ ಕಾಗದಗಳ ಮೇಲೂ ಅನುಮಾನ ಹುಟ್ಟುತ್ತದೆ.

ಸ್ಪೇನ್‌ನ ಇನ್ನೆರಡು ಷರತ್ತು ಬಿಸಿನೆಸ್‌ನವರಿಗೆ ನೇರವಾಗಿ ತಾಗುತ್ತವೆ. ನೀವು ಕೆಲಸ ಮಾಡಿಕೊಡುವ ವಿದೇಶಿ ಕಂಪನಿ ಕನಿಷ್ಠ ಒಂದು ವರ್ಷದಿಂದ ನಡೆಯುತ್ತಿರಬೇಕು, ನಿಮ್ಮಿಬ್ಬರ ವ್ಯವಹಾರ ಕನಿಷ್ಠ ಮೂರು ತಿಂಗಳದ್ದಾಗಿರಬೇಕು. ಸ್ವಂತವಾಗಿ ದುಡಿಯುವವರು ಸ್ಪೇನ್‌ನ ಕಂಪನಿಗಳಿಗೂ ಕೆಲಸ ಮಾಡಬಹುದು, ಆದರೆ ಅದು ಒಟ್ಟು ಕೆಲಸದ 20% ದಾಟಬಾರದು.

ಕುಟುಂಬ ಜೊತೆಗೆ ಬರುವುದಾದರೆ ನಿಮ್ಮ 200%ರ ಮೇಲೆ, ಜೊತೆಗೆ ಬರುವ ಮೊದಲ ವ್ಯಕ್ತಿಗೆ ಕನಿಷ್ಠ ವೇತನದ 75%, ಆಮೇಲೆ ಒಬ್ಬೊಬ್ಬರಿಗೂ 25% ಸೇರಿಸಿ. 2025ರ ಲೆಕ್ಕದಲ್ಲಿ ಗಂಡ, ಹೆಂಡತಿ, ಒಂದು ಮಗು ಅಂದರೆ ತಿಂಗಳಿಗೆ ಸುಮಾರು 4,144 ಯೂರೋ. ಬ್ಯಾಂಕ್ ಸ್ಟೇಟ್‌ಮೆಂಟನ್ನು ಎಲ್ಲಕ್ಕಿಂತ ಕೊನೆಗೆ ತೆಗೆಸಿ. ಅಪೋಸ್ಟಿಲ್ (ಕಾಗದ ವಿದೇಶದಲ್ಲಿ ನಡೆಯಲು ಸರ್ಕಾರ ಹಾಕುವ ದೃಢೀಕರಣ), ಅಧಿಕೃತ ಅನುವಾದಕ್ಕೆ ವಾರಗಟ್ಟಲೆ ಹಿಡಿದರೆ ಅಷ್ಟರಲ್ಲಿ ಅದು ಹಳೆಯದಾಗಿರುತ್ತದೆ.